ಮೊದಲ ಗೆರೆಯ ಮೇಲೆ ಸಹಿ

"ನಿಮ್ಮ ಕನ್ನಡ ಭಾಳ ಚೊಲೋ ಅದ ಬಿಡ್ರಿ. ಎಲ್ಲಿ ಕಲಿತ್ರಿ?"

ಬಸ್ಸಿನಲ್ಲಿ, ತರಬೇತಿಯಲ್ಲಿ, ಮದುವೆ ಮನೆಯಲ್ಲಿ ಯಾರಾದರೂ ಹೀಗೆ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಕೇಳುವವರು ಕೆಟ್ಟವರಲ್ಲ. ನನ್ನ ತಲೆಯ ಮೇಲಿನ ದುಪಟ್ಟಾ ನೋಡಿ, ನನ್ನ ಹೆಸರು ಕೇಳಿ, ಆಮೇಲೆ ನನ್ನ ಮಾತು ಕೇಳಿ, ಮನಸ್ಸಿಗೆ ಬಂದದ್ದನ್ನು ಹೊಗಳಿಕೆ ಅಂದುಕೊಂಡೇ ಆಡುತ್ತಾರೆ. ಆಳಂದದಲ್ಲಿ ಹುಟ್ಟಿ ಬೆಳೆದವಳು ಕನ್ನಡವನ್ನು ಆಳಂದದಲ್ಲಿ ಕಲಿಯದೆ ಲಂಡನ್ನಿಗೆ ಹೋಗಿ ಕಲಿತು ಬರುತ್ತಾಳೆಯೇ? ಮೊದಮೊದಲು ನಕ್ಕು ಸುಮ್ಮನಾಗುತ್ತಿದ್ದೆ. ಈಗ ಆ ತಾಳ್ಮೆ ಉಳಿದಿಲ್ಲ. ನೀವು ಎಲ್ಲಿ ಕಲಿತಿರಿ ಅಂತ ತಿರುಗಿ ಕೇಳುತ್ತೇನೆ. ಅವರು ತಬ್ಬಿಬ್ಬಾಗುತ್ತಾರೆ. ಆಗಲಿ ಬಿಡಿ.

ಆದರೆ ನಿಜ ಹೇಳಬೇಕೆಂದರೆ, ನನಗೆ ಕನ್ನಡ ಸುಮ್ಮನೆ ಬಂದದ್ದಲ್ಲ. ಅದನ್ನು ನನ್ನ ಅಮ್ಮ ಒಂದು ಶನಿವಾರ ಮಧ್ಯಾಹ್ನ ಶಾಲೆಯ ಮೇಜಿನ ಮುಂದೆ ನಿಂತು, ಜಗಳಾಡಿ ಉಳಿಸಿಕೊಟ್ಟಳು. ಅವಳಿಗೆ ಆಗ ಓದಲು ಬರುತ್ತಿರಲಿಲ್ಲ. ಬರುತ್ತಿದ್ದದ್ದು ಸಹಿ ಒಂದೇ.

ನಮ್ಮ ಮನೆಯಲ್ಲಿ ಆಡುವುದು ದಖನಿ ಉರ್ದು. ಅಬ್ಬಾ ತೊಗರಿ ವ್ಯಾಪಾರದ ಅಡತಿ ಅಂಗಡಿಯಲ್ಲಿ ಚೀಲ ಹೊರುತ್ತಿದ್ದ. ಅಮ್ಮ ದಾಲ್ ಮಿಲ್ಲಿನಲ್ಲಿ ಬೇಳೆ ಹಸನು ಮಾಡುತ್ತಿದ್ದಳು, ಈಗಲೂ ಮಾಡುತ್ತಾಳೆ. ಅಲ್ಲಿ ಸಾಲಾಗಿ ಕೂತ ಹೆಂಗಸರಲ್ಲಿ ಎಲ್ಲ ಜಾತಿಯವರೂ ಇದ್ದರು. ಗಡಿಯ ಖಜೂರಿಯಿಂದ ಬರುತ್ತಿದ್ದ ಇಬ್ಬರು ಮರಾಠಿ ಬೆರೆಸಿ ಮಾತಾಡುತ್ತಿದ್ದರು, ಉಳಿದವರದು ಕನ್ನಡ. ಜರಡಿಯ ಮುಂದೆ ಹದಿನೈದು ವರ್ಷ ಕೂತು ಅಮ್ಮ ಕಲಿತ ಕನ್ನಡ ಬಾಯಿ ಮಾತಿನ ಕನ್ನಡ, ಅದರಲ್ಲೂ ಜಗಳದ ಕನ್ನಡ. ಇವತ್ತಿಗೂ ಅವಳಿಗೆ ಪ್ರೀತಿ ಬಂದರೆ ದಖನಿ, ಸಿಟ್ಟು ಬಂದರೆ ಕನ್ನಡ. ಅವಳು ಕನ್ನಡದಲ್ಲಿ ಶುರು ಮಾಡಿದಳೆಂದರೆ ಅಬ್ಬಾ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಬಿಡುತ್ತಿದ್ದ.

ನಮ್ಮ ಗಲ್ಲಿಯ ಮಕ್ಕಳೆಲ್ಲ ಹೋಗುತ್ತಿದ್ದದ್ದು ಸರಕಾರಿ ಉರ್ದು ಶಾಲೆಗೆ. ನನ್ನ ಅಕ್ಕನೂ ಅಲ್ಲೇ ಓದಿದಳು. ನಾವು ಅವಳನ್ನು ಆಪಾ ಅನ್ನುತ್ತಿದ್ದೆವು. ಗಣಿತದಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಆದರೆ ಅವಳಿದ್ದಷ್ಟು ವರ್ಷವೂ ಆ ಶಾಲೆಗೆ ಕನ್ನಡ ಕಲಿಸುವವರು ಬರಲೇ ಇಲ್ಲ. ಹುದ್ದೆ ಕಾಗದದ ಮೇಲಿತ್ತು, ಮನುಷ್ಯ ಇರಲಿಲ್ಲ. ಹೈಸ್ಕೂಲಿಗೆ ಹೋದಾಗ ಕನ್ನಡದ ಪಿರಿಯಡ್ಡಿನಲ್ಲಿ ಅವಳನ್ನು ಕೊನೆಯ ಬೆಂಚಿಗೆ ಕೂರಿಸಿದರು. ಹತ್ತನೇ ತರಗತಿಯಲ್ಲಿ ಎಲ್ಲ ವಿಷಯ ಪಾಸು, ಕನ್ನಡ ಒಂದು ಫೇಲು. ಮತ್ತೊಮ್ಮೆ ಪರೀಕ್ಷೆ ಕಟ್ಟಿದಳು, ಮತ್ತೆ ಫೇಲು. ಆಮೇಲೆ ಅವಳನ್ನು ಅಫಜಲಪುರಕ್ಕೆ ಮದುವೆ ಮಾಡಿ ಕೊಟ್ಟರು. ನಿಮ್ಮವರಿಗೆ ಕನ್ನಡ ಹತ್ತುವುದಿಲ್ಲ ಅಂತ ಯಾರೋ ಮದುವೆ ಊಟದಲ್ಲಿ ಅಮ್ಮನಿಗೆ ಸಮಾಧಾನ ಹೇಳಿದರಂತೆ. ಕಲಿಸದೇ ಇದ್ದದ್ದು ಹತ್ತುವುದು ಹೇಗೆ ಅಂತ ಆಗ ಕೇಳಲಾಗಲಿಲ್ಲವಲ್ಲ ಅಂತ ಅಮ್ಮ ಇಂದಿಗೂ ಕೈ ಕೈ ಹಿಚುಕಿಕೊಳ್ಳುತ್ತಾಳೆ. ಆಪಾ ಈಗಲೂ ರೇಷನ್ ಕಾರ್ಡಿನ ನೋಟೀಸು, ಮಗನ ಶಾಲೆಯ ಚೀಟಿ ಎಲ್ಲವನ್ನೂ ಫೋಟೋ ತೆಗೆದು ನನಗೆ ಕಳಿಸುತ್ತಾಳೆ. ನಾನು ಓದಿ ಹೇಳುತ್ತೇನೆ.

ಆಪಾನ ಮದುವೆಯ ಮರುವರ್ಷ ಶಾಲೆಗೆ ಒಬ್ಬ ಕನ್ನಡ ಸರ್ ಬಂದರು. ಆಗ ನಾನು ನಾಲ್ಕನೇ ತರಗತಿ. ಅವರ ಊರು ಜೇವರ್ಗಿ ತಾಲೂಕಿನ ಅಂದೋಲಾ. ಹೆಂಡತಿ, ಎರಡು ಸಣ್ಣ ಮಕ್ಕಳು ಊರಲ್ಲಿ, ಅವರು ಆಳಂದದಲ್ಲಿ ಒಂದು ಬಾಡಿಗೆ ಖೋಲಿ ಹಿಡಿದು ಒಬ್ಬರೇ. ಶನಿವಾರ ಶಾಲೆ ಬಿಟ್ಟ ಕೂಡಲೇ ಬಸ್ ಸ್ಟ್ಯಾಂಡಿಗೆ ಓಡುತ್ತಿದ್ದರು. ನಮಗೆ ಅವರ ಕನ್ನಡ ತಿಳಿಯುತ್ತಿರಲಿಲ್ಲ, ಅವರಿಗೆ ನಮ್ಮ ದಖನಿ ಅರ್ಧ ತಿಳಿಯುತ್ತಿತ್ತು. ಆದರೆ ಬಲು ಹಟದ ಮನುಷ್ಯ. ದಿನಾ ಒಂದು ಪುಟ ಉಕ್ತಲೇಖನ, ತಪ್ಪಿದರೆ ಮತ್ತೊಂದು ಪುಟ. ಎರಡು ವರ್ಷದಲ್ಲಿ ನಾನು ಪೇಟೆಯ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುತ್ತ ನಡೆಯುತ್ತಿದ್ದೆ. ಅಮ್ಮ ನನ್ನನ್ನು ಬೇಕಂತಲೇ ದೊಡ್ಡ ರಸ್ತೆಯಿಂದ ಸುತ್ತು ಹಾಕಿಸಿ ಕರೆದುಕೊಂಡು ಹೋಗುತ್ತಿದ್ದಳು.

ಅಮ್ಮ ಶಾಲಾ ಸಮಿತಿಯ ಅಧ್ಯಕ್ಷೆ ಆದದ್ದು ಕೂಡ ಒಂದು ತಮಾಷೆಯೇ. ಪಾಲಕರಲ್ಲಿ ಒಬ್ಬರನ್ನು ಆರಿಸಬೇಕಿತ್ತು. ಆವತ್ತು ಕರೆಂಟಿಲ್ಲದೆ ಮಿಲ್ ನಿಂತಿತ್ತು, ಅಮ್ಮ ಸಭೆಗೆ ಬಂದಿದ್ದಳು. ನಮ್ಮ ವಾರ್ಡಿನ ಪುರಸಭೆ ಮೆಂಬರು, ನಮ್ಮ ಗಲ್ಲಿಯವರೇ, ಇವಳನ್ನೇ ಮಾಡಿಬಿಡಿ, ಕಿರಿಕಿರಿ ಇರುವುದಿಲ್ಲ ಅಂದರು. ಮಿಲ್ಲಿನಲ್ಲಿ ಅವಳ ಪಕ್ಕ ಕೂತವರನ್ನು ಒಂದು ಮಾತು ಕೇಳಿದ್ದರೆ ಅವರು ಹಾಗೆ ಅನ್ನುತ್ತಿರಲಿಲ್ಲ. ಅಧ್ಯಕ್ಷೆ ಆದ ದಿನ ಸಂಜೆ ಅವಳು ನನ್ನ ಪಾಟಿ, ಬಳಪ ಎದುರಿಗೆ ಇಟ್ಟುಕೊಂಡು ಕೂತಳು. ಹೆಬ್ಬೆಟ್ಟು ಒತ್ತುವುದಿಲ್ಲ, ಹೆಸರು ಬರೆಯುವುದು ಕಲಿಸು ಅಂದಳು. ಸರ್ ನನಗೆ ಕಲಿಸಿದ ಹಾಗೆಯೇ ನಾನು ಅವಳ ಕೈ ಹಿಡಿದು ತಿದ್ದಿಸಿದೆ. ನಾಲ್ಕು ಅಕ್ಷರಕ್ಕೆ ಹನ್ನೆರಡು ದಿನ ಬೇಕಾಯಿತು.

ಶಾಲೆಯಲ್ಲಿ ಒಂದು ಪದ್ಧತಿ ಇತ್ತು. ಈಗಲೂ ಬಹಳ ಕಡೆ ಇದೆ. ಸಮಿತಿ ಸಭೆಗೆ ಒಂದು ನಡಾವಳಿ ಪುಸ್ತಕ ಇರುತ್ತದೆ, ಅದರಲ್ಲಿ ಸಭೆಯ ತೀರ್ಮಾನವನ್ನು ಠರಾವು ಅಂತ ಬರೆದು ಎಲ್ಲರೂ ಸಹಿ ಮಾಡಬೇಕು. ಆದರೆ ಜನಕ್ಕೆ ಕೂಲಿ ತಪ್ಪುತ್ತದೆ, ಕಾಯಲು ಪುರುಸೊತ್ತಿಲ್ಲ. ಅದಕ್ಕೆ ಮೊದಲೇ ಖಾಲಿ ಹಾಳೆಯ ಕೆಳಭಾಗದಲ್ಲಿ ಎಲ್ಲರ ಸಹಿ ತೆಗೆದುಕೊಂಡು, ಚಹಾ ಕುಡಿಸಿ ಕಳಿಸಿ, ಆಮೇಲೆ ಮೇಲೆ ಠರಾವು ತುಂಬುತ್ತಿದ್ದರು. ನಮ್ಮ ಹೆಡ್ ಮೇಡಂ ಓದಿದ್ದೆಲ್ಲ ಉರ್ದುವಿನಲ್ಲಿ. ಕಚೇರಿಯವರು ಕನ್ನಡದ ಠರಾವು ಮಾತ್ರ ತೆಗೆದುಕೊಳ್ಳುತ್ತಿದ್ದರು. ಹಾಗಾಗಿ ಬರೆಯುವ ಕೆಲಸ ಕನ್ನಡ ಸರ್ ಮೇಲೆ ಬಿದ್ದಿತ್ತು. ಏನು ಬರೆದರು ಅಂತ ಸಹಿ ಮಾಡಿದವರು ಕೇಳುತ್ತಿರಲಿಲ್ಲ.

ನಾನು ಆರನೇ ತರಗತಿಯಲ್ಲಿದ್ದಾಗ ಒಂದು ದಿನ ಸರ್ ರಜೆ ಹಾಕಿದ್ದರು. ಕಚೇರಿಯಿಂದ ಒಂದು ಪತ್ರ ಬಂತು. ಹೆಡ್ ಮೇಡಂ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಕೊನೆಗೆ ನನ್ನನ್ನು ಕರೆದು ಓದಿಸಿದರು. ಅರ್ಧ ಶಬ್ದ ನನಗೆ ಹೊಸವು. ಆದರೂ ತಿರುಳು ತಿಳಿಯಿತು. ಸರ್ ಅವರನ್ನು ಜೇವರ್ಗಿ ತಾಲೂಕಿನ ಒಂದು ಶಾಲೆಗೆ ನಿಯೋಜನೆ ಮೇಲೆ ಕಳಿಸುತ್ತಾರೆ, ಅದಕ್ಕೆ ನಮ್ಮ ಶಾಲಾ ಸಮಿತಿಯ ಆಕ್ಷೇಪಣೆ ಇಲ್ಲ ಅಂತ ಠರಾವು ಬೇಕು. ಬದಲಿಗೆ ಯಾರು ಬರುತ್ತಾರೆ ಅನ್ನುವ ಮಾತು ಆ ಪತ್ರದಲ್ಲಿ ಎಲ್ಲೂ ಇರಲಿಲ್ಲ. ನಾನು ಎರಡು ಸಲ ಹುಡುಕಿದೆ. ಹೆಡ್ ಮೇಡಂ ಪತ್ರ ಮಡಚಿ, ಮನೆಯಲ್ಲಿ ಏನೂ ಹೇಳಬೇಡ ಅಂದರು.

ನಾನು ಮನೆಗೆ ಹೋಗಿ ಮೊದಲು ಅದನ್ನೇ ಹೇಳಿದೆ. ಅಮ್ಮ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದು ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. ಆಪಾನ ಹೆಸರು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ತವೆಯ ಮೇಲಿನ ರೊಟ್ಟಿ ಹೊತ್ತಿಹೋಯಿತು. ಮಾರನೆಯ ದಿನ ಅವಳು ಮೆಂಬರ ಮನೆಗೆ ಹೋದಳು. ಅವರು, ಹೋಗಲಿ ಬಿಡು, ಆ ಜಾಗಕ್ಕೆ ಇನ್ನೊಬ್ಬ ಉರ್ದು ಮಾಸ್ತರನ್ನು ಹಾಕಿಸಿಕೊಳ್ಳೋಣ, ನಮ್ಮ ಭಾಷೆ ಉಳಿಯುತ್ತದೆ ಅಂದರಂತೆ. ಅವರ ಮಕ್ಕಳಿಬ್ಬರೂ ಕಲಬುರಗಿಯ ಇಂಗ್ಲಿಷ್ ಶಾಲೆಯಲ್ಲಿದ್ದರು. ಉರ್ದುವನ್ನು ನಾನು ಒಲೆಯ ಮುಂದೆ ಕಲಿಸುತ್ತೇನೆ, ಅರ್ಜಿ ಬರೆಯುವುದನ್ನು ನೀನು ಬಂದು ಕಲಿಸುತ್ತೀಯಾ ಅಂತ ಕೇಳಿ ಅಮ್ಮ ಎದ್ದು ಬಂದಳಂತೆ.

ಶನಿವಾರ ಸಭೆ. ಅಮ್ಮ ಅರ್ಧ ದಿನದ ಕೂಲಿ ಬಿಟ್ಟು, ಓದಲು ಬೇಕಾಗುತ್ತದೆ ಅಂತ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡಳು. ಹೆಡ್ ಮೇಡಂ, ಕಚೇರಿಯಿಂದ ಬಂದ ಒಬ್ಬ ಸಾಹೇಬರು, ಐದಾರು ಜನ ಪಾಲಕರು. ಕಿಟಕಿಯ ಹತ್ತಿರ ಕನ್ನಡ ಸರ್, ಕಾಲ ಬಳಿ ಬ್ಯಾಗು. ಅವರಿಗೆ ಊರಿಗೆ ಹೋಗುವ ಆಸೆ ಎಷ್ಟಿತ್ತು ಅನ್ನುವುದು ಅವರ ಮುಖದಲ್ಲೇ ಕಾಣುತ್ತಿತ್ತು. ಆವತ್ತು ಬೆಳಗಿನ ಪ್ರಾರ್ಥನೆಯಲ್ಲಿ ಅವರೂ ನಮ್ಮ ಜೊತೆ ಹಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಸಾಹೇಬರು ಬಹಳ ಸಿಹಿಯಾಗಿ ಮಾತಾಡಿದರು. ಬಿಸಿಲ ಬಗ್ಗೆ ಮಾತಾಡಿದರು, ತೊಗರಿಯ ಬಗ್ಗೆ ಮಾತಾಡಿದರು. ಪತ್ರದ ಸುದ್ದಿ ಮಾತ್ರ ತೆಗೆಯಲಿಲ್ಲ. ಚಹಾ ಬಂತು, ಪುಸ್ತಕ ಬಂತು. ಹೊಸ ಹಾಳೆ ತೆಗೆದು ಅಮ್ಮನ ಕೈಗೆ ಪೆನ್ನು ಕೊಟ್ಟರು.

ಅಮ್ಮ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು, ಎಲ್ಲಕ್ಕಿಂತ ಮೇಲಿನ ಗೆರೆಯಲ್ಲಿ, ಹಾಳೆಯ ನೆತ್ತಿಯ ಮೇಲೆ, ನಾಲ್ಕು ಅಕ್ಷರಗಳನ್ನು ನಿಧಾನವಾಗಿ ಬರೆದಳು. ಅದರ ಮೇಲೆ ಒಂದು ಇರುವೆ ಹೋಗುವಷ್ಟೂ ಜಾಗ ಉಳಿಯಲಿಲ್ಲ.

ಸಾಹೇಬರು ನಕ್ಕರು. ಪಾಪ, ಗೊತ್ತಿಲ್ಲದೆ ಮಾಡಿದ್ದಾಳೆ ಅಂದುಕೊಂಡರು. ಸಹಿ ಕೆಳಗೆ ಮಾಡಬೇಕು, ಮೇಲೆ ಬರೆಯುವುದಿದೆ ಅಂತ ಮಕ್ಕಳಿಗೆ ಹೇಳಿದ ಹಾಗೆ ಹೇಳಿದರು. ಪುಟಕ್ಕೆ ನಂಬರು ಇತ್ತು, ಹರಿಯುವ ಹಾಗಿರಲಿಲ್ಲ. ಅಡ್ಡ ಗೀಟು ಎಳೆದು ಮುಂದಿನ ಹಾಳೆ ತಿರುಗಿಸಿ ಕೊಟ್ಟರು. ಅಮ್ಮ ಅದರಲ್ಲೂ ಮೊದಲ ಗೆರೆಯ ಮೇಲೇ ಸಹಿ ಮಾಡಿದಳು. ಈ ಸಲ ಯಾರೂ ನಗಲಿಲ್ಲ.

"ನಾವ್ ಮಿಲ್ಲಿನ್ಯಾಗ ಖಾಲಿ ಚೀಲಕ್ಕ ಹೊಲಿಗಿ ಹಾಕಂಗಿಲ್ರಿ" ಅಂದಳು ಅಮ್ಮ. ಕನ್ನಡದಲ್ಲಿ. "ತುಂಬಿದ ಮ್ಯಾಲ, ಒಳಗ ಏನದ ಅಂತ ಕೈ ಹಾಕಿ ನೋಡಿ, ಆಮ್ಯಾಲ ಹೊಲಿತೀವಿ. ಏನ್ ಬರೀತೀರಿ ಬರೀರಿ ಮೊದಲ. ನನ್ನ ಮಗಳು ಓದ್ತಾಳ, ನಾ ಕೇಳ್ತೇನಿ."

ಅಲ್ಲಿಂದ ಸಿಹಿ ಮಾತು ಮುಗಿಯಿತು. ಪತ್ರದ ವಿಷಯ ಹೇಳಲೇಬೇಕಾಯಿತು. ಉಳಿದ ಪಾಲಕರು ಆಗಲೇ ಮೊದಲು ಕೇಳಿದ್ದು. ಒಬ್ಬಾಕೆ ಬಾಯಿಯ ಹತ್ತಿರ ಒಯ್ದಿದ್ದ ಬಿಸ್ಕತ್ತನ್ನು ಹಾಗೇ ಚಹಾದ ಬಸಿಯಲ್ಲಿ ಇಟ್ಟಳು. ಸರ್ ಹೋಗಲಿ, ಅವರಿಗೂ ಮನೆ ಇದೆ, ಆದರೆ ಬದಲಿ ಸರ್ ಬಂದ ದಿನ ಹೋಗಲಿ, ಹಾಗಂತ ಬರೆಯಿರಿ ಅಂತ ಅಮ್ಮ ಹೇಳಿದಳು. ಹಾಗೆಲ್ಲ ಬರೆಯಲು ಬರುವುದಿಲ್ಲ ಅಂದರು ಸಾಹೇಬರು. ಯಾಕೆ ಬರುವುದಿಲ್ಲ ಅಂತ ಅಮ್ಮ ಕೇಳಿದಳು. ಆಗ ಅವರ ಬಾಯಿಂದ ಆ ಮಾತು ಬಿತ್ತು.

"ನಿಮಗ್ಯಾಕ ಬೇಕ್ರಿ ಬಾಯಿ, ಇಷ್ಟ್ ಕನ್ನಡ? ನಿಮ್ದು ಉರ್ದು ಶಾಲಿ."

ನಾನು ಹನ್ನೆರಡು ವರ್ಷದವಳು. ದೊಡ್ಡವರ ಮುಂದೆ ಬಾಯಿ ಬಿಡಬಾರದು ಅಂತ ಬೆಳೆದವಳು. ಆದರೆ ಆ ಕ್ಷಣ ನನ್ನ ತಲೆ ಕೆಟ್ಟುಹೋಯಿತು. ಮಾತಾಡಲು ಧೈರ್ಯ ಬರಲಿಲ್ಲ. ಪೆನ್ನು ತೆಗೆದುಕೊಂಡೆ. ಅಮ್ಮನ ಸಹಿಯ ಕೆಳಗೆ, ಆ ಖಾಲಿ ಹಾಳೆಯ ಮೇಲೆ, ಅವಳು ಹೇಳಿದ್ದನ್ನು ಕನ್ನಡದಲ್ಲಿ ಬರೆದೆ. ಸರ್ ಉಕ್ತಲೇಖನ ಕೊಡುವಾಗ ಬರೆದ ಹಾಗೆ, ಗೆರೆ ಬಿಡದೆ, ಮಾರ್ಜಿನ್ ಬಿಟ್ಟು. ಬರೆದು ಮುಗಿಸುವವರೆಗೆ ಯಾರೂ ತಡೆಯಲಿಲ್ಲ, ಯಾಕೆಂದರೆ ಅವರಿಗೆ ಅದು ನಂಬಿಕೆಯೇ ಆಗಲಿಲ್ಲ ಅಂತ ಕಾಣುತ್ತದೆ.

ಆಮೇಲೆ ಸಾಹೇಬರು ಎದ್ದು ನಿಂತರು. ಹುಡುಗಿ ಬರೆದದ್ದು ನಡೆಯುವುದಿಲ್ಲ, ಇದು ಸರಕಾರಿ ಪುಸ್ತಕ ಅಂತ ಗದರಿಸಿದರು. ಅಮ್ಮನೂ ಎದ್ದು ನಿಂತಳು. ಅವಳು ಅವರ ಭುಜದಷ್ಟೂ ಎತ್ತರ ಇರಲಿಲ್ಲ.

"ನಮಗ ಕನ್ನಡ ಹತ್ತಂಗಿಲ್ಲ ಅಂತೀರಿ. ಬರೆದ್ರ ನಡ್ಯಂಗಿಲ್ಲ ಅಂತೀರಿ" ಅಂದಳು. "ಒಂದ ಮಾತಿಗೆ ನಿಲ್ರಿ ಸಾಹೇಬ್ರ."

ಆಗ ಕಿಟಕಿಯ ಹತ್ತಿರದಿಂದ ಕನ್ನಡ ಸರ್ ಬಂದರು. ನಾನು ಬರೆದದ್ದನ್ನು ನಿಂತೇ ಓದಿದರು. ನನ್ನ ಮುಖ ನೋಡಲಿಲ್ಲ. ನಾ ಬರಿತೇನಿ ಅಂತ ಮೆಲ್ಲಗೆ ಹೇಳಿ, ಮೂರನೆಯ ಹಾಳೆ ತಿರುಗಿಸಿ, ಅಮ್ಮನ ಮಾತನ್ನು ಒಂದಕ್ಷರ ಬಿಡದೆ ಚೆಂದದ ಅಕ್ಷರದಲ್ಲಿ ಇಳಿಸಿದರು. ತಾವು ಊರಿಗೆ ಹೋಗುವುದನ್ನು ತಾವೇ ತಡೆದು ಬರೆದರು. ನಾನು ಗಟ್ಟಿಯಾಗಿ ಓದಿದೆ. ಅಮ್ಮ ಕೇಳಿ, ತಲೆಯಾಡಿಸಿ, ಕೆಳಗೆ ಸಹಿ ಮಾಡಿದಳು. ಉಳಿದವರೂ ಮಾಡಿದರು, ಬಿಸ್ಕತ್ತು ಬಿಟ್ಟಾಕೆ ಎಲ್ಲರಿಗಿಂತ ಮೊದಲು. ಆವತ್ತಿನ ಬಸ್ಸು ಸರ್ ಅವರಿಗೆ ತಪ್ಪಿತು.

ಅವರು ನಮ್ಮ ಮೇಲೆ ಸಿಟ್ಟಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಎಂಟು ದಿನ ನನ್ನನ್ನು ತರಗತಿಯಲ್ಲಿ ಮಾತಾಡಿಸಲಿಲ್ಲ. ಒಂಬತ್ತನೆಯ ದಿನ ಒಂದು ಪುಟದ ಬದಲು ಎರಡು ಪುಟ ಉಕ್ತಲೇಖನ ಶುರು ಮಾಡಿದರು. ಸೇಡು ಅಂದುಕೊಂಡೆವು. ಬದಲಿ ಮೇಡಂ ಬರಲು ಒಂದೂವರೆ ವರ್ಷ ಹಿಡಿಯಿತು. ಆಕೆ ಬಂದ ದಿನವೇ ಸರ್ ಹೋದರು. ಹೋಗುವ ಮುಂಚೆ ನಮ್ಮ ಮನೆಗೆ ಬಂದು, ಅಮ್ಮ ಕೊಟ್ಟ ಚಹಾ ಕುಡಿದು, ನನಗೆ ತಮ್ಮ ಪೆನ್ನು ಕೊಟ್ಟರು. ಅಮ್ಮನ ಕಣ್ಣಲ್ಲಿ ನೀರು ಬಂತು. ತಪ್ಪು ಮಾಡಿದೆ ಅಂತ ಮಾತ್ರ ಅವಳು ಹೇಳಲಿಲ್ಲ. ಮಾಡಿರಲಿಲ್ಲ ಕೂಡ.

ಹತ್ತನೇ ತರಗತಿಯಲ್ಲಿ ಕನ್ನಡದಲ್ಲಿ ನಾನು ಶಾಲೆಗೇ ಮೊದಲು ಬಂದೆ. ಆಮೇಲೆ ಕನ್ನಡವನ್ನೇ ಓದಿದೆ. ಈಗ ಆರು ವರ್ಷದಿಂದ ಜೇವರ್ಗಿಯ ಒಂದು ಉರ್ದು ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ವಾರವೆಲ್ಲ ಖೋಲಿಯಲ್ಲಿ ಒಬ್ಬಳೇ. ಶನಿವಾರ ಶಾಲೆ ಬಿಟ್ಟ ಕೂಡಲೇ ಬಸ್ ಸ್ಟ್ಯಾಂಡಿಗೆ ಓಡುತ್ತೇನೆ, ಕಲಬುರಗಿಯಲ್ಲಿ ಬಸ್ಸು ಬದಲಿಸಿ ಆಳಂದ. ಓಡುವಾಗಲೆಲ್ಲ ಸರ್ ನೆನಪಾಗುತ್ತಾರೆ. ಕೂತು ಕೂತು ಅಮ್ಮನ ಮೊಣಕಾಲು ಹಿಡಿದುಬಿಟ್ಟಿವೆ. ಅಷ್ಟು ದೂರ ಯಾಕಿದ್ದೀ, ಇಲ್ಲೇ ಬಂದುಬಿಡು ಅಂತ ಪ್ರತಿ ಭಾನುವಾರ ರೊಟ್ಟಿ ಕಟ್ಟಿಕೊಡುವಾಗ ಹೇಳುತ್ತಿದ್ದಳು. ಆಳಂದಕ್ಕೆ ಹೋಗಲು ಅರ್ಜಿ ಹಾಕಿ ಹಾಕಿ ನನಗೂ ಸಾಕಾಗಿತ್ತು.

ಹೋದ ವರ್ಷ ಪತ್ರ ಬಂತು. ಆಳಂದಕ್ಕೆ ನಿಯೋಜನೆ, ಶಾಲಾ ಸಮಿತಿಯ ಆಕ್ಷೇಪಣೆ ಇಲ್ಲವೆಂಬ ಠರಾವು ಕಳಿಸುವುದು. ನನಗೆ ಕುಣಿದಾಡುವಷ್ಟು ಖುಷಿಯಾಯಿತು, ಮುಚ್ಚಿಡುವುದು ಯಾಕೆ? ಮುಖ್ಯಗುರುಗಳು ನಡಾವಳಿ ಪುಸ್ತಕ ತಂದು ನನ್ನ ಮೇಜಿನ ಮೇಲಿಟ್ಟರು. ಬರೆಯುವ ಕೆಲಸ ನನ್ನದೇ ಆಗಿತ್ತು. ತೆರೆದು ನೋಡಿದರೆ ಖಾಲಿ ಹಾಳೆ, ಕೆಳಗೆ ಏಳು ಸಹಿ. ಎರಡು ಹೆಬ್ಬೆಟ್ಟು, ಉಳಿದವು ಉರ್ದುವಿನಲ್ಲಿ. ಮೇಲೆ ನಾಲ್ಕು ಸಾಲು ಬರೆದರೆ ಸಾಕು, ಮುಂದಿನ ವಾರ ನಾನು ಮನೆಯಲ್ಲಿ. ಯಾರೂ ಕೇಳುವವರಿಲ್ಲ.

ಅಮ್ಮನಿಗೆ ಫೋನ್ ಮಾಡಿ ಸುದ್ದಿ ಹೇಳಿದೆ. ಅವಳು ಖುಷಿಯಿಂದ ಅಬ್ಬಾನನ್ನು ಕೂಗಿದ್ದು ನನಗೆ ಕೇಳಿಸಿತು. ಮತ್ತೆ ಫೋನಿಗೆ ಬಂದಾಗ ಕನ್ನಡಕ್ಕೆ ಹೊರಳಿದ್ದಳು.

"ನಿನ್ನ ಜಾಗಾದಾಗ ಯಾರ್ ಬರಾಕತ್ತಾರ?"

ಯಾರೂ ಇಲ್ಲ ಅಂದೆ. ನಿನ್ನ ಇಷ್ಟ ಅಂತ ಹೇಳಿ ಫೋನ್ ಇಟ್ಟಳು. ನನಗೆ ಅವಳ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಕರೆಯುವವಳೂ ಅವಳೇ, ಅಡ್ಡ ನಿಲ್ಲುವವಳೂ ಅವಳೇ. ಆ ಪುಸ್ತಕವನ್ನು ಎರಡು ದಿನ ಚೀಲದಲ್ಲಿಟ್ಟುಕೊಂಡು ತಿರುಗಿದೆ.

ಮೂರನೆಯ ದಿನ ಆ ಹಾಳೆಗೆ ಅಡ್ಡ ಗೀಟು ಎಳೆದು ಸಮಿತಿಯವರನ್ನು ಮತ್ತೆ ಕರೆಸಿದೆ. ಮುಖ್ಯಗುರುಗಳು ಮುಖ ಗಂಟು ಹಾಕಿದರು. ಹಾಕಲಿ. ಪತ್ರವನ್ನು ಕನ್ನಡದಲ್ಲಿ ಓದಿ ದಖನಿಯಲ್ಲಿ ಬಿಡಿಸಿ ಹೇಳಿದೆ. ಸಮಿತಿಯ ಅಧ್ಯಕ್ಷೆ ಹೊಲಿಗೆ ಹೊಲಿಯುವ ಹೆಣ್ಣುಮಗಳು, ಅವಳ ಎರಡನೆಯ ಮಗಳು ಐದನೇ ತರಗತಿಯಲ್ಲಿ ನನ್ನ ಹತ್ತಿರ ಓದುತ್ತಾಳೆ. ನಿಮಗೆ ಹೋಗಬೇಕು ಅಂತ ಇದೆಯಾ ಅಂತ ನೇರವಾಗಿ ಕೇಳಿದಳು. ಇದೆ ಅಂದೆ. ಅವಳು ಬಹಳ ಹೊತ್ತು ಸೂಜಿ ಚುಚ್ಚದ ಹಾಗೆ ಬೆರಳಿಗೆ ಹಾಕಿಕೊಂಡ ಟೊಪ್ಪಿ ತಿರುಗಿಸುತ್ತ ಕೂತಳು. ನನಗೆ ಆಗ ಕಿಟಕಿಯ ಹತ್ತಿರ ನಿಂತಿದ್ದ ಸರ್ ಮನಸ್ಸು ಅರ್ಥವಾಯಿತು. ಕೊನೆಗೆ ಆಕೆ, ನೀವು ಹೋಗಿ ಮೇಡಂ, ಆದರೆ ಇನ್ನೊಬ್ಬ ಮೇಡಂ ಬಂದ ದಿನ ಹೋಗಿ, ಹಾಗಂತ ಬರೆಯಿರಿ ಅಂದಳು. ಅವಳಿಗೆ ನನ್ನ ಅಮ್ಮ ಯಾರು ಅಂತಲೇ ಗೊತ್ತಿಲ್ಲ.

ಬರೆದೆ. ಒಂದಕ್ಷರ ಬಿಡದೆ ಬರೆದೆ. ಬರೆಯುವಾಗ ಅತ್ತೆ ಕೂಡ. ಓದಿ ಹೇಳಿದ ಮೇಲೆ ಒಬ್ಬೊಬ್ಬರೇ ಬಂದು ಸಹಿ ಮಾಡಿದರು.

ಸಂಜೆ ಅಮ್ಮನಿಗೆ ಹೇಳಿದಾಗ ಅವಳು ನನ್ನ ಬಗ್ಗೆ ಏನೂ ಕೇಳಲಿಲ್ಲ. ಸಹಿ ಬರೆದ ಮೇಲೆ ಮಾಡಿದರೋ, ಮೊದಲೇ ಮಾಡಿದ್ದರೋ ಅಂತ ಕೇಳಿದಳು. ಬರೆದು, ಓದಿ ಹೇಳಿದ ಮೇಲೆ ಅಂದೆ. ಆಗ ಅವಳು ದಖನಿಗೆ ಹೊರಳಿದಳು. ಶನಿವಾರ ತಪ್ಪದೆ ಬಾ, ಬಿಸಿ ರೊಟ್ಟಿ ಮಾಡಿ ಕಾಯುತ್ತೇನೆ ಅಂದಳು.

ಬದಲಿ ಮೇಡಂ ಇನ್ನೂ ಬಂದಿಲ್ಲ. ನಾನೂ ಹೋಗಿಲ್ಲ.